ಆಷಾಢಕ್ಕೆ ಬಂದ ಪೆರೋಲ್

ಮೊನ್ನೆ ನಾಗಸಂದ್ರದಲ್ಲಿ ಮೆಟ್ರೋ ಇಳಿದು ಹೊರಗೆ ಬಂದೆ. ಗಾಳಿ ಅಂದರೆ ಗಾಳಿ. ಸೆರಗು ಹಿಡಿಯಬೇಕೋ ಕೈಚೀಲ ಹಿಡಿಯಬೇಕೋ ತಿಳಿಯಲಿಲ್ಲ. ಎದುರಿನ ಬಟ್ಟೆ ಅಂಗಡಿಯ ಮೇಲೆ ಮಾರುದ್ದದ ಬ್ಯಾನರು ಪಟಪಟ ಬಡಿದುಕೊಳ್ಳುತ್ತಿತ್ತು, ‘ಆಷಾಢದ ಭರ್ಜರಿ ರಿಯಾಯಿತಿ’ ಎಂದು. ಜೊತೆಗಿದ್ದ ಸೊಸೆ, “ಅತ್ತೆ, ಬನ್ನಿ, ಒಂದ್ನಿಮಿಷ ನೋಡ್ಕೊಂಡು ಹೋಗ್ಬಿಡೋಣ” ಎಂದಳು. “ನೀನು ಹೋಗಿ ಬಾರೇ, ನಾನು ಇಲ್ಲೇ ನಿಂತಿರ್ತೀನಿ” ಎಂದೆ. ಆಷಾಢ ಎಂಬ ಮಾತು ಕಿವಿಗೆ ಬಿದ್ದರೇ ನನಗೆ ಮೈ ಉರಿಯುತ್ತದೆ. ಪುಕ್ಕಟೆ ಕೊಟ್ಟರೂ ಆ ಹೆಸರಿನ ಸೀರೆ ನನಗೆ ಬೇಡ.

ಈಗ ಆ ಗಾಳಿಯಲ್ಲಿ ಬರೀ ಧೂಳು. ಆಗ ಅದರಲ್ಲಿ ಪೀಣ್ಯದ ಫೌಂಡ್ರಿಗಳ ವಾಸನೆ ತುಂಬಿರುತ್ತಿತ್ತು. ಕಾದ ಕಬ್ಬಿಣ, ಸುಟ್ಟ ಮರಳು, ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರಂತೂ ಮೂಗು ಮುಚ್ಚಿಕೊಳ್ಳಬೇಕು. ತೊಂಬತ್ತರ ದಶಕದ ನಡುವಿನ ಮಾತು ಇದು. ನಾವು ದಾವಣಗೆರೆ ಕಡೆಯವರು. ನಮ್ಮೆಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಹೇಗೋ ಒಂದು ಸೈಟು ಮಾಡಿ, ಮನೆ ಕಟ್ಟಿ, ಹಿಂದುಗಡೆ ಶೀಟು ಹೊದಿಸಿದ ಕೋಣೆಗಳನ್ನು ಬಾಡಿಗೆಗೆ ಬಿಟ್ಟಿದ್ದೆವು. ಕೊನೆಯ ಕೋಣೆಯಲ್ಲಿ ಬಾದಾಮಿ ಕಡೆಯಿಂದ ಬಂದ ನೀಲವ್ವ, ಅವಳ ಮಗಳು ಗಿರಿಜಾ, ನೀಲವ್ವನ ತಮ್ಮ ಮಲ್ಲಪ್ಪ ಇದ್ದರು. ತಾಯಿ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಿದ್ದಳು, ಮಗಳು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು, ತಮ್ಮ ಫೌಂಡ್ರಿಯಲ್ಲಿ ಅಚ್ಚು ಹಾಕುತ್ತಿದ್ದ.

ಮಲ್ಲಪ್ಪನನ್ನು ನೀಲವ್ವನೇ ಎತ್ತಿ ಆಡಿಸಿ ಸಾಕಿದ್ದು. ಅವನಿಗೆ ಅಕ್ಕ ಅಂದರೂ ಅವಳೇ, ಅವ್ವ ಅಂದರೂ ಅವಳೇ. ಆ ಕಡೆಯ ಪದ್ಧತಿಯಂತೆ, ಗಿರಿಜಾ ಹುಟ್ಟಿದಾಗಲೇ ಇವಳು ಸೋದರಮಾವನಿಗೇ ಎಂದು ಮಾತಾಗಿತ್ತು. ಹುಡುಗಿ ಅವನನ್ನು ‘ಮಾಮಾ’ ಎಂದು ಕರೆಯುತ್ತಲೇ ಬೆಳೆದು, ಹಾಗೆ ಕರೆಯುವಾಗ ನಾಚಿಕೊಳ್ಳುವ ವಯಸ್ಸಿಗೂ ಬಂದಿದ್ದಳು. ಇನ್ನೇನು ಬರುವ ಬೇಸಿಗೆಯಲ್ಲಿ ಮದುವೆ ಎನ್ನುವಾಗ ಆ ಅನಾಹುತ ನಡೆದುಹೋಯಿತು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ನೀಲವ್ವನ ವಿಚಾರಕ್ಕೆ ಏನೋ ಹೊಲಸು ಮಾತಾಡಿದನಂತೆ. ಇವನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು. ಒಂದೇ ಏಟು, ಆ ಮನುಷ್ಯ ಮತ್ತೆ ಏಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ಅಷ್ಟಕ್ಕೆ ಮದುವೆಯ ಮಾತು ಮುಗಿಯಿತೆಂದೇ ಎಲ್ಲರೂ ತಿಳಿದೆವು. ಮುಗಿಯಲಿಲ್ಲ. ಗಿರಿಜಾ ರಜೆ ಸಿಕ್ಕಾಗಲೆಲ್ಲ ಬುತ್ತಿ ಕಟ್ಟಿಕೊಂಡು ಜೈಲಿಗೆ ಹೋಗುತ್ತಿದ್ದಳು. ಊರಿನ ನೆಂಟರು ಗಂಡು ತಂದರೆ ಅವರಿಗೆ ಚಹಾ ಕೊಟ್ಟು, “ನನಗ ಗಂಡ ಗೊತ್ತಾಗ್ಯಾನ್ರಿ” ಎಂದು ಹೇಳಿ ಕಳಿಸುತ್ತಿದ್ದಳು. ಒಂದು ದಿನ ನಮ್ಮ ಜಗಲಿಗೆ ಬಂದು ಕಂಬ ಹಿಡಿದು ನಿಂತು, “ಸಾಹೇಬ್ರ, ಲಗ್ನಕ್ಕಂತ ಮಾಮಾನ್ನ ನಾಕು ದಿನ ಬಿಡ್ತಾರೇನ್ರಿ? ಒಂದು ಅರ್ಜಿ ಬರದು ಕೊಡ್ರಿ” ಎಂದಳು.

ನಮ್ಮವರು ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದಿಟ್ಟರೆಂದರೆ ಉಪನ್ಯಾಸ ಗ್ಯಾರಂಟಿ. “ನೋಡಮ್ಮ, ಜೀವಾವಧಿ ಶಿಕ್ಷೆ ಕೊಟ್ಟಿರೋದು ಅವನಿಗೆ. ನಿನಗ್ಯಾಕೆ ಬೇಕು ಅದು? ಆಮೇಲೆ ಇನ್ನೊಂದು ಮಾತು. ಅವನ ಕೈಯಲ್ಲಿ ಸತ್ತವನಿಗೂ ಒಬ್ಬ ಹೆಂಡ್ತಿ ಇದಾಳೆ. ಅವಳ ತಾಳಿ ಹೋಯ್ತು, ಇವನು ಬಂದು ಇನ್ನೊಬ್ಬರಿಗೆ ತಾಳಿ ಕಟ್ಟೋದು ಅಂದ್ರೆ ನ್ಯಾಯವಾ?”

ಗಿರಿಜಾ ತಲೆ ತಗ್ಗಿಸಿದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ. ನನಗೂ ತಡೆಯಲಾಗಲಿಲ್ಲ. “ಏನೇ ಹುಚ್ಚಿ, ತಾಳಿ ಕಟ್ಟಿಸ್ಕೊಂಡು ಏನು ಮಾಡ್ತಿ? ಅವನು ಒಳಗೆ, ನೀನು ಹೊರಗೆ. ಸಂಸಾರ ಅಂದ್ರೆ ಬುತ್ತಿ ಹೊರೋದಾ?” ಎಂದೆ.

“ಅಕ್ಕಾರ, ಗೇಟಿನಾಗ ಪ್ರತಿ ಸಲ ಕೇಳ್ತಾರ್ರಿ, ನೀ ಅವಂಗ ಏನ ಆಗಬೇಕಂತ. ಅಕ್ಕನ ಮಗಳು ಅಂತೀನಿ. ಹಂಗ ಅಂದಾಗೊಮ್ಮೆ ನನ್ನ ಬಾಯಾಗ ಸುಳ್ಳು ಹೇಳಿದಂಗ ಆಗತೈತ್ರಿ. ಹೇಣ್ತಿ ಅಂತ ಹೇಳೂಹಂಗ ಆದ್ರ ಸಾಕು. ನಮ್ಮ ಮಂದೀನೂ ಗಂಡು ತರೋದು ಬಿಡ್ತಾರ, ಅಂವಾನೂ ಒಳಗ ಜೀವಾ ಹಿಡಕೊಂಡು ಇರ್ತಾನ. ಅಂವ ಹೊರಗ ಬಂದ ದಿನ ಹೋಗಾಕ ಒಂದು ಮನಿ ಇರಬೇಕಲ್ರಿ?”

ನಮ್ಮವರು ಕನ್ನಡಕ ಮತ್ತೆ ಹಾಕಿಕೊಂಡು, ಒಳಗೆ ಹೋಗಿ ಬಿಳಿ ಹಾಳೆ ತಂದರು. ಆ ಮನುಷ್ಯನ ಉಪನ್ಯಾಸ ಉದ್ದ, ಮನಸ್ಸು ಮಾತ್ರ ಬೆಣ್ಣೆ.

ಸತ್ತವನ ಹೆಂಡತಿಯ ಮಾತು ನೀಲವ್ವನನ್ನು ಚುಚ್ಚಿರಬೇಕು. ಪೊಲೀಸರು ಹೇಗೂ ಅವಳನ್ನು ಕೇಳುತ್ತಾರೆ, ಅದಕ್ಕೆ ಮೊದಲು ನಾನೇ ಕೇಳಬೇಕು ಎಂದು ಹಟ ಹಿಡಿದಳು. ಒಬ್ಬಳೇ ಹೋಗಲು ಧೈರ್ಯವಿಲ್ಲ, ನನ್ನನ್ನು ಎಳೆದುಕೊಂಡು ಹೋದಳು. ಆ ಹೆಂಗಸು ಕುಣಿಗಲ್ ಕಡೆಯವಳು. ಪೀಣ್ಯದಲ್ಲೇ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮನ್ನು ಕಂಡು ಕೈ ಒರೆಸಿಕೊಂಡು ಹೊರಗೆ ಬಂದಳು. ನೀಲವ್ವ ಕಾಲಿಗೆ ಬೀಳಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು.

“ಕಾಲ್ಗೆ ಬೀಳ್ಬ್ಯಾಡಿ, ಎದ್ದೇಳಿ. ಅವ್ನು ಮದ್ವೆ ಆದ್ರೂ ನನ್ ಗಂಡ ಎದ್ದು ಬರಾಕಿಲ್ಲ, ಆಗ್ದೆ ಓದ್ರೂ ಬರಾಕಿಲ್ಲ. ಆ ಎಣ್ಣುಡುಗಿ ಏನ್ ಮಾಡ್ತು ಪಾಪ? ನಾನು ಅಡ್ಡ ಬರಾಕಿಲ್ಲ, ಓಗಿ. ಮದ್ವೆ ಊಟುಕ್ಕೆ ಬಾ ಅಂತ ಮಾತ್ರ ನನ್ನ ಕರೀಬ್ಯಾಡಿ” ಎಂದು ಹೇಳಿ ಒಳಗೆ ಹೋದಳು. ದಾರಿಯುದ್ದಕ್ಕೂ ನೀಲವ್ವ ಅಳುತ್ತಾ ಬಂದಳು.

ಅರ್ಜಿ ಹಾಕಿದ್ದು ಶಿವರಾತ್ರಿ ಕಳೆದ ಮೇಲೆ. ವೈಶಾಖದಲ್ಲಿ ಒಳ್ಳೊಳ್ಳೆಯ ಮುಹೂರ್ತಗಳಿದ್ದವು. ಅಷ್ಟರೊಳಗೆ ಬಿಟ್ಟಾರು ಎಂಬ ಲೆಕ್ಕ ನಮ್ಮದು. ಕಚೇರಿಗೆ ಅದರದೇ ಪಂಚಾಂಗ. ಕಾಗದ ಜೈಲಿನಿಂದ ಮೇಲಕ್ಕೆ ಹೋಯಿತು, ಅಲ್ಲಿಂದ ಬಾದಾಮಿ ಕಡೆಯ ಠಾಣೆಗೆ, ಮತ್ತೆ ಇಲ್ಲಿಯ ಠಾಣೆಗೆ. ಒಬ್ಬ ಸಾಹೇಬರು ವರ್ಗವಾದರು, ಹೊಸಬರು ಮತ್ತೆ ಮೊದಲಿಂದ ಓದಿದರು. ವೈಶಾಖ ಹೋಯಿತು. ಜ್ಯೇಷ್ಠದಲ್ಲಿ ದೊಡ್ಡ ಮಗಳ ಮದುವೆ ಮಾಡಬಾರದು ಎಂದು ಯಾರೋ ಅಂದರು. ಇರುವುದೇ ಒಬ್ಬಳು ಮಗಳು, ಅವಳೇ ದೊಡ್ಡವಳು ಅವಳೇ ಚಿಕ್ಕವಳು ಎಂದು ನಾನು ಬಾಯಿ ಮುಚ್ಚಿಸಿದೆ. ಅದೂ ಹೋಯಿತು. ಮಣ್ಣೆತ್ತಿನ ಅಮಾವಾಸ್ಯೆ ಬಂತು. ನೀಲವ್ವ ತಮ್ಮ ಊರಿನ ಪದ್ಧತಿಯಂತೆ ಕೆರೆ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜೆಗೆ ಕುಳಿತಿದ್ದಾಗ ನಮ್ಮವರು ಸೈಕಲ್ ಬೆಲ್ಲು ಬಾರಿಸುತ್ತಾ ಬಂದರು. ಮಲ್ಲಪ್ಪನಿಗೆ ಹದಿನೈದು ದಿನದ ಪೆರೋಲ್ ಆಗಿತ್ತು.

ಗಿರಿಜಾ ನನ್ನನ್ನು ತಬ್ಬಿಕೊಂಡಳು, ಆಮೇಲೆ ನಾಚಿ ಬಿಟ್ಟುಬಿಟ್ಟಳು. ನೀಲವ್ವ ಮಾತ್ರ ಎತ್ತಿನ ಮುಂದೆ ಊದುಬತ್ತಿ ಹಿಡಿದವಳು ಹಾಗೇ ಕುಳಿತಿದ್ದಳು. “ನಾಳಿಂದ ಆಷಾಢ” ಎಂದಳು.

ಮಲ್ಲಪ್ಪ ಮಾರನೆಯ ದಿನ ಮಧ್ಯಾಹ್ನ ಬಂದ. ಗೇಟಿನ ಹೊರಗೆ ನಿಂತೇ ಇದ್ದ. ಒಳಗೆ ಬಾ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದಾನೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತಾಯಿತು. “ಬಾರಪ್ಪ, ಇದೇನು ಹೊಸ ಮನೆಯಾ ನಿನಗೆ?” ಎಂದ ಮೇಲೆ ಚಪ್ಪಲಿ ಬಿಟ್ಟ. ಬಹಳ ಇಳಿದಿದ್ದ. ದಿನಾ ಠಾಣೆಗೆ ಹೋಗಿ ಸಹಿ ಮಾಡಿ ಬರಬೇಕಿತ್ತು. ಉಳಿದ ಹೊತ್ತೆಲ್ಲ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದ. ಗಾಳಿಗೆ ಹಾರುತ್ತಿದ್ದ ಶೀಟುಗಳ ಮೇಲೆ ಕಲ್ಲು ಹೇರಿದ, ಬಚ್ಚಲಿನ ಕಟ್ಟಿದ ನೀರು ಬಿಡಿಸಿದ, ಇಡೀ ಅಂಗಳ ಗುಡಿಸಿದ. ಸಂಜೆ ಗಾರ್ಮೆಂಟ್ಸ್ ಬಿಟ್ಟು ಗಿರಿಜಾ ಬಂದರೆ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ನಡುವೆ ಒಂದು ಮೊಳ ಜಾಗ ಬಿಟ್ಟು ಕೂರುತ್ತಿದ್ದರು. ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಆ ಹದಿನೈದು ದಿನ ನಮ್ಮ ಹಿತ್ತಿಲಲ್ಲಿ ಒಂದು ಜಗಳವಿಲ್ಲ, ಒಂದು ಬೈಗುಳವಿಲ್ಲ.

ಆದರೆ ದಿನ ಹೋಗುತ್ತಿತ್ತು. ನಾನೇ ನಾಗಸಂದ್ರದ ಅಯ್ಯನವರನ್ನು ಕರೆಸಿದೆ. ನಮ್ಮ ಮನೆಯ ಪೂಜೆ ಪುನಸ್ಕಾರವೆಲ್ಲ ಅವರದೇ, ವಯಸ್ಸಾದ ಜಂಗಮರು. ಅವರು ನಕ್ಕರು. “ಶಿವನ ತಲೆ ಮೇಲೆ ಗಂಗೆ ಇದಾಳೆ, ಪಂಚಾಂಗ ಇಲ್ಲ. ಯಾವತ್ತು ಕರೆದರೂ ನಾನು ಬರ್ತೀನಿ, ಮದುವೆ ಮಾಡ್ತೀನಿ” ಎಂದರು.

ನೀಲವ್ವ ಅವರ ಪಾದಕ್ಕೆ ನಮಸ್ಕಾರ ಮಾಡಿ, “ಅಪ್ಪಾರ, ನೀವು ದೊಡ್ಡವರು, ನಿಮ್ಮ ಮಾತು ಖರೆ. ಆದ್ರ ನನಗೂ ಆಷಾಢದಾಗ ಕಟ್ಟಿದ್ರು. ನಮ್ಮವ್ವ ಸಾಯಾಕ ಬಿದ್ದಿದ್ಲು, ಕಣ್ಣಿಲೆ ನೋಡಿ ಹೋಗ್ಲಿ ಅಂತ ಅವಸರದಾಗ ಕಟ್ಟಿಸಿದ್ರು. ಈ ಹುಡುಗಿ ಹೊಟ್ಟ್ಯಾಗಿದ್ದಾಗ ಗಂಡ ಕಲ್ಲಿನ ಕಣ್ಯಾಗ ಬಿದ್ದು ಸತ್ತ. ಮುಂದಿನ ಆಷಾಢ ನಾ ತಾಳಿಲೆ ನೋಡಲಿಲ್ರಿ” ಎಂದಳು.

ಅವನು ಕಲ್ಲುಗಣಿಯಲ್ಲಿ ಬಿದ್ದದ್ದಕ್ಕೆ ತಿಂಗಳು ಕಾರಣವಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. “ನೀವು ಆಷಾಢದಾಗ ಒಂದು ಹೊಸಾ ಕೊಡ ಸೈತ ಕೊಳ್ಳಂಗಿಲ್ಲಲ್ರಿ ಅಕ್ಕಾರ” ಎಂದಳು. ರಿಜಿಸ್ಟರ್ ಆಫೀಸಿನಲ್ಲಾದರೂ ಮಾಡೋಣ, ಅಲ್ಲಿ ಮಂತ್ರ ಮುಹೂರ್ತ ಏನೂ ಇಲ್ಲ ಎಂದು ನಮ್ಮವರು ಅಂದರೆ, “ಆಫೀಸಿಗೆ ಆಷಾಢ ಬರಂಗಿಲ್ಲೇನ್ರಿ?” ಎಂದು ಕೇಳಿದಳು. ಪೆರೋಲನ್ನೇ ಶ್ರಾವಣದವರೆಗೆ ಎಳೆದುಕೊಡಿ ಎಂದು ಕೇಳಲು ನಮ್ಮವರು ರಜೆ ಹಾಕಿ ಕಚೇರಿಗೆ ಹೋದರು. “ಮೊದ್ಲು ಟೈಮಿಗೆ ಸರಿಯಾಗಿ ವಾಪಸ್ ಬರ್ಲಿ ಸಾರ್. ಆಮೇಲೆ ಹೊಸದಾಗಿ ಅರ್ಜಿ ಹಾಕಿ, ನೋಡೋಣ” ಎಂದರಂತೆ. ಆ ‘ನೋಡೋಣ’ವನ್ನು ನಾವೆಲ್ಲ ಕೊಟ್ಟೇಬಿಟ್ಟರು ಎಂದೇ ತಿಳಿದೆವು. ಒಂದು ಸಲ ಬಿಟ್ಟವರು ಇನ್ನೊಂದು ಸಲ ಬಿಡುವುದಿಲ್ಲವೇ, ಹುಡುಗ ನಿಯತ್ತಾಗಿ ತಿರುಗಿ ಹೋದರೆ ಇನ್ನೂ ನಂಬಿಕೆ ಬರುತ್ತದಲ್ಲ ಎಂಬುದು ನಮ್ಮ ಬುದ್ಧಿವಂತಿಕೆ.

ಗಿರಿಜಾಗೆ ಮಾತ್ರ ಆ ನಂಬಿಕೆ ಬರಲಿಲ್ಲ. ಅವನು ವಾಪಸು ಹೋಗುವ ಹಿಂದಿನ ದಿನ, ಭಾನುವಾರ ಬೆಳಗ್ಗೆ, ಅಡುಗೆ ಅರಿಸಿನದ ಡಬ್ಬಿಯಿಂದ ಒಂದು ಕೊಂಬು ತೆಗೆದು, ಬಿಳಿ ದಾರಕ್ಕೆ ಕಟ್ಟಿ, ದಾರಕ್ಕೂ ಅರಿಸಿನ ಬಳಿದು ತಂದಳು. ಅಂಗಳದಲ್ಲಿ ಎಲ್ಲರೂ ಇದ್ದೆವು. ಅಕ್ಕಪಕ್ಕದ ಕೋಣೆಯವರು ನೀರು ಹಿಡಿಯುತ್ತಿದ್ದರು. ಮಲ್ಲಪ್ಪನ ಮುಂದೆ ಕೂತು ಕೈ ಚಾಚಿದಳು.

“ಕಟ್ಟು ಮಾಮಾ. ಬಂಗಾರ ಬ್ಯಾಡ, ಅಯ್ಯಾರ ಬ್ಯಾಡ, ಮುಹೂರ್ತ ಬ್ಯಾಡ. ಇಷ್ಟ ಮಂದಿ ನೋಡಾಕತ್ತಾರ, ಇಷ್ಟು ಸಾಕು. ಕಟ್ಟು.”

ಅವನು ಅದನ್ನು ತೆಗೆದುಕೊಂಡ. ಕಟ್ಟೋ ಮಾರಾಯ, ಕಟ್ಟಿಬಿಡೋ ಎಂದು ಒಳಗೇ ಕೂಗುತ್ತಿದ್ದೆ. ಅವನು ಅಕ್ಕನ ಕಡೆ ನೋಡಿದ. ನೀಲವ್ವ ಬೇಡ ಎನ್ನಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅದು ಅವನಿಗೂ ಕಂಡಿತು. ಆ ಅರಿಸಿನ ಕೊಂಬನ್ನು ತಿರುಗಿ ಹುಡುಗಿಯ ಕೈಯಲ್ಲೇ ಇಟ್ಟು ಬೆರಳು ಮಡಚಿದ.

“ನನ್ನ ಹಣೆಬರಹ ಅಂತೂ ಕೆಟ್ಟೈತಿ ಗಿರಿಜಾ. ನಿನ್ನ ಮುಹೂರ್ತ ಆದ್ರೂ ಚೊಲೋ ಇರಲಿ. ಶ್ರಾವಣದಾಗ ಬರ್ತೀನಿ. ನನ್ನ ಕೈಲೆ ಒಮ್ಮೆ ಕೆಟ್ಟದ್ದಾಗೇತಿ, ನಿನಗ ಆಗೂದು ಬ್ಯಾಡ” ಎಂದ.

ಗಿರಿಜಾ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಅವನ ಜೊತೆ ಜೈಲಿನ ಗೇಟಿನವರೆಗೂ ಹೋದಳು. ಬಂದ ಮೇಲೆ ಊಟ ಮಾಡಿದಳು, ಕೆಲಸಕ್ಕೂ ಹೋದಳು. ನಗುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದಳು.

ನಾಗರ ಪಂಚಮಿ ಬಂತು, ಉಂಡಿ ಕಟ್ಟಿದರು. ಹೊಸ ಅರ್ಜಿ ಆಗಲೇ ಹೋಗಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಉತ್ತರ ಕೇಳಲು ನಾವು ಮೂವರೂ, ನಮ್ಮವರು, ಗಿರಿಜಾ, ನಾನು, ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತ ಕೆಟ್ಟವನೇನಲ್ಲ, ಕೂರಲು ಕುರ್ಚಿಯನ್ನೂ ತೋರಿಸಿದ.

“ಆಗಲ್ಲ ಅಂತ ಬಂದಿದೆ ಸಾರ್. ಮದ್ವೆಗೆ ಅಂತ ಬಿಟ್ರೆ ಮದ್ವೆನೇ ಆಗ್ದೆ ಬಂದವ್ನೆ. ಕಾರಣ ಸುಳ್ಳು ಅಂತ ಆಯ್ತಲ್ಲ? ಇನ್ನೊಂದ್ಸಲ ಅದೇ ಕಾರಣ ಕೊಟ್ರೆ ಯಾರು ಒಪ್ತಾರೆ?”

“ಆಷಾಢ ಇತ್ತು ಸ್ವಾಮಿ” ಎಂದರು ನಮ್ಮವರು.

“ನಂಗೂ ಗೊತ್ತು ಸಾರ್, ನಮ್ಮನೇಲೂ ಮಾಡಲ್ಲ. ಆದ್ರೆ ಅದನ್ನ ಫೈಲಲ್ಲಿ ಬರೆಯೋಕಾಗತ್ತಾ?”

ಜೀವಾವಧಿ ಕೈದಿಗೆ ಮದುವೆಯಾಗಲು ಬಿಡಬೇಕೋ ಬೇಡವೋ ಎಂದು ಈಗ ಯಾರಾದರೂ ಟೀವಿಯಲ್ಲಿ ವಾದ ಮಾಡುವುದು ಕಂಡರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಸರ್ಕಾರ ಬಿಟ್ಟಿತ್ತು. ಸತ್ತವನ ಹೆಂಡತಿ ಬಿಟ್ಟಿದ್ದಳು. ಶಿವನ ಹೆಸರಿನಲ್ಲಿ ಅಯ್ಯನವರೂ ಬಿಟ್ಟಿದ್ದರು. ಬಿಡದೆ ಇದ್ದವರು ಅವರಿಬ್ಬರನ್ನೂ ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಿದ್ದವರು.

ಮಲ್ಲಪ್ಪನಿಗೆ ವಿಷಯ ತಿಳಿಯಿತು. ಒಂದೆರಡು ಸಲ ಜಾಲರಿಯ ಹತ್ತಿರ ಬಂದು ಮಾತಾಡಿದನಂತೆ. ಆಮೇಲೆ ಗಿರಿಜಾ ಹೋಗಿ ಹೆಸರು ಹೇಳಿದರೆ ಹೊರಗೇ ಬರುತ್ತಿರಲಿಲ್ಲ. “ಹುಡುಗೀನ ಬ್ಯಾರೆ ಕಡೆ ಕೊಟ್ಟುಬಿಡು” ಎಂದು ಅಕ್ಕನಿಗೆ ಹೇಳಿ ಕಳಿಸಿದ. ಗಿರಿಜಾ ಹಟ ಹಿಡಿದಳು, ಹೋಗುವುದನ್ನು ಬಿಡಲಿಲ್ಲ. ಬುತ್ತಿ ಕೊಟ್ಟು ಬರಿಗೈಯಲ್ಲಿ ಬರುತ್ತಿದ್ದಳು. ಹೀಗೇ ವರ್ಷಗಳು ಹೋದವು. ಕೊನೆಗೆ ಅವಳ ಗಾರ್ಮೆಂಟ್ಸಿನ ಕಟಿಂಗ್ ಮಾಸ್ಟರ್, ಆನೇಕಲ್ಲಿನವನು, ಎಲ್ಲ ವಿಷಯ ಗೊತ್ತಿದ್ದವನು, ಮನೆಗೆ ಬಂದು ಕೇಳಿದ. ಗಿರಿಜಾ, “ಆಷಾಢದಾಗ ಮಾಡಕೊಳ್ಳೂದಾದ್ರ ಹೂಂ, ಇಲ್ಲಂದ್ರ ಬ್ಯಾಡ” ಎಂದಳು.

ನೀಲವ್ವ ಅತ್ತಳು, ಉಪವಾಸ ಕೂತಳು. “ಯವ್ವಾ, ಕಾಯೂದು ಅಂದ್ರ ಏನಂತ ನನಗ ತಿಳದೈತಿ. ಇನ್ನ ಒಂದ ಮುಹೂರ್ತಕ್ಕೂ ನಾ ಕಾಯಂಗಿಲ್ಲ” ಎಂದಳು ಮಗಳು. ಅದೇ ಅಯ್ಯನವರು ಬಂದು, ಆಷಾಢದ ಮಂಗಳವಾರವೇ, ಸಣ್ಣದೊಂದು ಗುಡಿಯಲ್ಲಿ ಮದುವೆ ಮಾಡಿದರು. ಹೊರಗೆ ಇಂಥದೇ ಗಾಳಿ. ನೀಲವ್ವ ಕಂಬದ ಮರೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಏನೂ ಆಗಲಿಲ್ಲ. ಗಂಡ ಗಟ್ಟಿಮುಟ್ಟಾಗಿದ್ದಾನೆ, ಎರಡು ಮಕ್ಕಳಾದವು, ಸಂಸಾರ ಸುಖವಾಗಿಯೇ ನಡೆಯಿತು. ನೀಲವ್ವ ಮಗಳ ಜೊತೆ ಆನೇಕಲ್ಲಿಗೆ ಹೋದಳು, ಮೊಮ್ಮಕ್ಕಳನ್ನು ಆಡಿಸಿ ಅಲ್ಲೇ ತೀರಿಕೊಂಡಳು. ಸಾಯುವ ಮೊದಲು ಒಮ್ಮೆ ನನ್ನ ಕೈ ಹಿಡಿದು, “ಏನೂ ಆಗಲಿಲ್ಲ ನೋಡ್ರಿ ಅಕ್ಕಾರ, ಏನೂ ಆಗಲಿಲ್ಲ” ಎಂದಿದ್ದಳು. ಅದು ಸಮಾಧಾನದ ದನಿಯಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಗೇಟಿನ ಹೊರಗೆ ಒಬ್ಬ ಮನುಷ್ಯ ನಿಂತೇ ಇದ್ದ. ತಲೆಯೆಲ್ಲ ಬೆಳ್ಳಗೆ. “ಅಕ್ಕಾರ, ನಾನ್ರೀ, ಮಲ್ಲಪ್ಪ. ಬಿಟ್ರು” ಎಂದ. ಒಳಗೆ ಕರೆದು ಮಂಡಕ್ಕಿ, ಚಹಾ ಕೊಟ್ಟೆ. ಅಕ್ಕ ಹೋದದ್ದು ಅವನಿಗೆ ತಿಳಿದಿತ್ತು, ಗಿರಿಜಾಗೆ ಮದುವೆಯಾದದ್ದೂ ತಿಳಿದಿತ್ತು. ಊರಿಗೆ ಹೋಗಿ ಯಾರದಾದರೂ ಹೊಲದಲ್ಲಿ ಕೆಲಸ ಹಿಡಿಯುತ್ತೇನೆ ಎಂದ. ಆನೇಕಲ್ಲಿನ ವಿಳಾಸ ಕೊಡಲೇ ಎಂದು ಕೇಳಿದೆ.

“ಬ್ಯಾಡ್ರಿ. ಆಕಿ ಬಾಗಿಲಿಗೆ ಹೋಗಿ ನಿಂದ್ರಬಾರದು ನಾ. ಚೊಲೋ ಅದಾಳೇನ್ರಿ?”

“ಚೆನ್ನಾಗಿದ್ದಾಳಪ್ಪ. ಗಂಡ ಬಂಗಾರದಂಥವನು.”

ಚಹಾದ ಲೋಟ ಕೆಳಗಿಟ್ಟ. ಆಮೇಲೆ, “ಲಗ್ನ ಯಾವ ತಿಂಗಳದಾಗ ಆತ್ರಿ?” ಎಂದ.

ನಿಜ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವನ ಮುಖ ನೋಡಿದೆ.

“ವೈಶಾಖದಲ್ಲಿ ಕಣಪ್ಪ. ಒಳ್ಳೇ ಮುಹೂರ್ತ” ಎಂದೆ.

ಅವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಚೊಲೋ ಆತು ಬಿಡ್ರಿ ಅಕ್ಕಾರ. ಆವತ್ತು ನಾ ಅವಸರ ಮಾಡಿದ್ದರ ಆಕಿಗೆ ಇಂಥಾ ಮುಹೂರ್ತ ಎಲ್ಲಿ ಸಿಗತಿತ್ತು?”